ಊರಲ್ಲೇ ಇದ್ದು ಊರಿಗಾಗಿ ಹಂಬಲಿಸುವುದು: ‘ಸೊಲಾಸ್ಟಾಲ್ಜಿಯಾ’ ಎಂಬ ಪದ ಮತ್ತು ಕೊಡಗು

ಕೊಡಗಿನಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟುಗಳಲ್ಲೇ ಅಳೆಯುತ್ತಾರೆ. ಹವಾಮಾನ ಇಲಾಖೆ ಮಿಲಿಮೀಟರ್ ಅಂದರೂ ಪತ್ರಿಕೆಗಳು ಸೆಂಟಿಮೀಟರ್ ಅಂದರೂ ತೋಟದ ಮನೆಯವರ ಲೆಕ್ಕ ಬೇರೆ: ನೂರು ಸೆಂಟಿಗೆ ಒಂದು ಇಂಚು. ಅಂಗಳದ ತುದಿಯಲ್ಲಿ ಮಳೆಮಾಪಕ, ಒಳಗೆ ಗೋಡೆಯ ಮೊಳೆಗೆ ದಾರ ಕಟ್ಟಿ ನೇತುಹಾಕಿದ ಪುಸ್ತಕ, ಬೆಳಿಗ್ಗೆ ಕಾಫಿ ಕುಡಿದು ಅಳೆದು ಬರೆಯುವ ಒಬ್ಬರು. ಜುಲೈನಲ್ಲಿ ಯಾರಿಗಾದರೂ ಫೋನ್ ಮಾಡಿದರೆ ಆರೋಗ್ಯ ವಿಚಾರಿಸುವ ಮೊದಲು ಬರುವ ಮಾತು ‘ನಿಮ್ಮಲ್ಲಿ ಎಷ್ಟು ಬಂತು?’

ನಮ್ಮ ದೊಡ್ಡಪ್ಪ ಅಂಥದೊಂದು ಪುಸ್ತಕ ಇಟ್ಟಿದ್ದರು. ಅವರು ಹೋದ ಮೇಲೆ ದೊಡ್ಡಮ್ಮ ಬರೆಯುತ್ತಿದ್ದಾರೆ. ಮನೆ ಇರುವುದು ಮಡಿಕೇರಿಯಿಂದ ಮಾದಾಪುರದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. 2018ರ ಆಗಸ್ಟ್‌ನಲ್ಲಿ ಅವರ ಮನೆಗೆ ಏನೂ ಆಗಲಿಲ್ಲ. ಎದುರಿನ ಗುಡ್ಡ ಮಾತ್ರ ಜರಿಯಿತು. ಅದರ ಮೇಲಿದ್ದ ಕಾಡು, ಅದರ ಕೆಳಗಿದ್ದ ಗದ್ದೆ, ಗದ್ದೆಯ ಬದಿಯ ತೋಡು, ತೋಡಿಗೆ ಅಡ್ಡ ಹಾಕಿದ್ದ ಅಡಿಕೆ ಮರದ ಸಂಕ, ಎಲ್ಲವೂ ಕೆಂಪು ಮಣ್ಣಿನೊಳಗೆ ಹೋದವು. ಮೂರು ವರ್ಷದ ಹಿಂದೆ ಒಂದು ಸಂಜೆ ಜಗುಲಿಯಲ್ಲಿ ಕೂತು ಆ ಗುಡ್ಡದ ಗಾಯದ ಕಡೆ ನೋಡುತ್ತಾ ದೊಡ್ಡಮ್ಮ ಹೇಳಿದ್ದರು: ‘ಮನೆ ಇದೆ, ತೋಟ ಇದೆ, ನಾನೂ ಇದ್ದೇನೆ ಮಗಾ. ನಮ್ಮ ಊರು ಎಲ್ಲಿ ಹೋಯ್ತು ಅಂತ ಮಾತ್ರ ಗೊತ್ತಾಗ್ತಾ ಇಲ್ಲ.’

ಈ ಮಾತಿಗೆ ಒಂದು ಹೆಸರಿದೆ ಎಂದು ನನಗೆ ತಿಳಿದದ್ದು ಆಮೇಲೆ. ಹೆಸರು ಇಂಗ್ಲಿಷಿನದು, ಹುಟ್ಟಿದ್ದು ಆಸ್ಟ್ರೇಲಿಯಾದ ಕಲ್ಲಿದ್ದಲು ಕಣಿವೆಯೊಂದರಲ್ಲಿ, ವಯಸ್ಸು ಇಪ್ಪತ್ತು ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಸೊಲಾಸ್ಟಾಲ್ಜಿಯಾ. ಹವಾಮಾನ ಬದಲಾವಣೆ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಎಲ್ಲೇ ಚರ್ಚೆ ನಡೆದರೂ ಈಗ ಈ ಪದ ಬರುತ್ತದೆ. ಅದು ಹೇಗೆ ಕಟ್ಟಿದ ಪದ, ಯಾವ ಪದದ ನೆರಳಿನಲ್ಲಿ ಹುಟ್ಟಿತು, ಕೊಡಗಿನ ನೋವಿಗೆ ಎಷ್ಟು ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ನೋಡುವುದು ನನಗೆ ಬರೀ ಪದಕೋಶದ ಕೆಲಸವಾಗಿ ಕಾಣುವುದಿಲ್ಲ.

ಮೊದಲು ಅದರ ಅಕ್ಕನ ಕಥೆ ಹೇಳಬೇಕು. ನಾಸ್ಟಾಲ್ಜಿಯಾ ನಮಗೆಲ್ಲ ಗೊತ್ತಿರುವ ಪದ. ಹಳೆಯ ಹಾಡು ಕೇಳಿದಾಗ, ಶಾಲೆಯ ಫೋಟೊ ನೋಡಿದಾಗ ಬಳಸುತ್ತೇವೆ. ಕನ್ನಡದಲ್ಲಿ ಹಳಹಳಿಕೆ ಎನ್ನುತ್ತೇವೆ. ಆದರೆ ಅದು ಹುಟ್ಟುವಾಗ ಇಷ್ಟು ಸಿಹಿಯಾಗಿರಲಿಲ್ಲ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಪ್ರಬಂಧವೊಂದನ್ನು ಮಂಡಿಸಿದ. ಊರು ಬಿಟ್ಟು ದೂರ ಹೋದವರಿಗೆ ಬರುವ ಒಂದು ಕಾಯಿಲೆಯ ಬಗ್ಗೆ ಅದು. ಜರ್ಮನ್ ಆಡುಮಾತಿನಲ್ಲಿ ಅದಕ್ಕೆ ‘ಮನೆನೋವು’ ಎಂಬ ಅರ್ಥದ ‘ಹೈಮ್‌ವೇ’ ಎಂಬ ಪದ ಆಗಲೇ ಇತ್ತು, ವೈದ್ಯಶಾಸ್ತ್ರದಲ್ಲಿ ಇರಲಿಲ್ಲ. ಹೋಫರ್ ಗ್ರೀಕಿನ ಎರಡು ಪದ ತೆಗೆದುಕೊಂಡ: ಮನೆಗೆ ಮರಳುವುದು ಎಂಬ ಅರ್ಥದ ‘ನೋಸ್ಟೋಸ್’, ನೋವು ಎಂಬ ಅರ್ಥದ ‘ಅಲ್ಗೋಸ್’. ಎರಡನ್ನೂ ಬೆಸೆದು ನಾಸ್ಟಾಲ್ಜಿಯಾ ಎಂದ. ಟ್ರೋಜನ್ ಯುದ್ಧ ಮುಗಿಸಿದ ಒಡಿಸ್ಯೂಸ್ ವರ್ಷಾನುಗಟ್ಟಲೆ ಅಲೆದು ಊರು ಸೇರಿದ್ದನ್ನು ಗ್ರೀಕರು ಹೇಳುತ್ತಿದ್ದುದು ಈ ನೋಸ್ಟೋಸ್ ಎಂಬ ಪದದಿಂದಲೇ.

ಹೋಫರ್ ಬರೆದಿಟ್ಟ ರೋಗಿಗಳಲ್ಲಿ ಬರ್ನ್ ಪಟ್ಟಣದಿಂದ ಬಾಸೆಲ್‌ಗೆ ಓದಲು ಬಂದ ಯುವಕನೊಬ್ಬನಿದ್ದ. ಜ್ವರ, ಎದೆಬಡಿತ, ಸಂಕಟ. ಬದುಕುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಊರಿಗೆ ಕಳಿಸಲು ಹೊರಡಿಸಿದರೆ ದಾರಿಯಲ್ಲೇ ಚೇತರಿಸಿಕೊಂಡ. ಆಸ್ಪತ್ರೆಗೆ ಸೇರಿದ್ದ ರೈತ ಹೆಂಗಸೊಬ್ಬಳು ಏನು ಕೇಳಿದರೂ ‘ಮನೆಗೆ ಹೋಗಬೇಕು’ ಎಂಬ ಒಂದೇ ಮಾತು ಹೇಳುತ್ತಿದ್ದಳು. ಪರದೇಶದ ಸೇನೆಗಳಲ್ಲಿ ದುಡಿಯುತ್ತಿದ್ದ ಸ್ವಿಸ್ ಸಿಪಾಯಿಗಳಲ್ಲಿ ಈ ಕಾಯಿಲೆ ಹೆಚ್ಚೆಂದು ಹೆಸರಾಯಿತು. ಹಸು ಕರೆಯುವಾಗ ಆಲ್ಪ್ಸ್ ಬೆಟ್ಟದವರು ನುಡಿಸುವ ರಾಗ ಕೇಳಿದರೆ ಅವರು ಅತ್ತುಬಿಡುತ್ತಾರೆ, ಪಡೆ ಬಿಟ್ಟು ಓಡುತ್ತಾರೆ, ಅದಕ್ಕೇ ಆ ರಾಗವನ್ನು ಪಾಳೆಯದಲ್ಲಿ ನಿಷೇಧಿಸಿದ್ದರು ಎಂಬ ಕಥೆಯನ್ನು 18ನೇ ಶತಮಾನದಲ್ಲಿ ರೂಸೋ ತನ್ನ ಸಂಗೀತ ನಿಘಂಟಿನಲ್ಲಿ ಬರೆದ.

ಈ ಕಥೆ ಓದುವಾಗ ಕೊಡಗಿನವರಿಗೆ ತಮ್ಮ ಮನೆಯದೇ ಕಥೆ ಅನ್ನಿಸದೆ ಇರದು. ನಮ್ಮದೂ ಬೆಟ್ಟದ ಸೀಮೆ, ಸಿಪಾಯಿಗಳ ಸೀಮೆ. ಕಾರ್ಯಪ್ಪ, ತಿಮ್ಮಯ್ಯ ಎಂಬ ದೊಡ್ಡ ಹೆಸರುಗಳ ಹಿಂದೆ ಸಾವಿರಾರು ಜವಾನರು, ಹವಾಲ್ದಾರರು ಇದ್ದಾರೆ. ಪಂಜಾಬಿನ, ಅಸ್ಸಾಮಿನ ಶಿಬಿರಗಳಲ್ಲಿ ಕೂತು ಸುಗ್ಗಿಯ ಹಬ್ಬ ಹುತ್ತರಿಗೆ ರಜೆ ಸಿಗುತ್ತದೋ ಇಲ್ಲವೋ ಎಂದು ದಿನ ಎಣಿಸಿದವರು ಅವರು. ಹೋಫರ್ ಹೇಳಿದ ನೋವು ಅವರಿಗೆ ಗೊತ್ತಿತ್ತು, ಮದ್ದೂ ಗೊತ್ತಿತ್ತು: ರಜೆ, ರೈಲು, ಮೈಸೂರಿನಿಂದ ಬಸ್ಸು, ಕೊನೆಗೆ ಬಿದಿರುಮೆಳೆ ದಾಟಿ ಕಾಣುವ ಮನೆಯ ಹೆಂಚು. ನಾಸ್ಟಾಲ್ಜಿಯಾ ಎಷ್ಟೇ ಕಾಡಿದರೂ ಅದರೊಳಗೆ ಒಂದು ಭರವಸೆ ಇರುತ್ತದೆ. ನಾನು ದೂರ ಇದ್ದೇನೆ, ಊರು ಅಲ್ಲೇ ಇದೆ, ಹೋದರೆ ಸಿಗುತ್ತದೆ.

ಹೋದರೂ ಸಿಗದಿದ್ದರೆ? ಹೋಗುವ ಮಾತೇ ಇಲ್ಲದೆ, ಅಲ್ಲೇ ಇದ್ದವರಿಗೆ ಊರು ಸಿಗದಿದ್ದರೆ?

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಹಂಟರ್ ಎಂಬ ನದಿ ಹರಿಯುತ್ತದೆ. ಅದರ ಮೇಲ್ಭಾಗದ ಕಣಿವೆ ಹೈನು, ಕುದುರೆ ಸಾಕಣೆ, ದ್ರಾಕ್ಷಿ ತೋಟಗಳ ನಾಡು. ಅದರ ನೆಲದಡಿಯಲ್ಲಿ ಕಲ್ಲಿದ್ದಲು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿ ಸುರಂಗ ಕೊರೆಯುವುದರ ಬದಲು ಇಡೀ ನೆಲವನ್ನೇ ತೆರೆದು ಅಗೆಯುವ ಗಣಿಗಾರಿಕೆ ಬೆಳೆಯುತ್ತಾ ಹೋಯಿತು. ಹಗಲು ರಾತ್ರಿ ಸ್ಫೋಟ, ಧೂಳು, ರಾತ್ರಿಯನ್ನು ಹಗಲು ಮಾಡುವ ದೀಪಗಳು, ಪಕ್ಕದಲ್ಲೇ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳು. ಗ್ಲೆನ್ ಆಲ್ಬ್ರೆಕ್ಟ್ ಆಗ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಪರಿಸರ ತತ್ತ್ವಶಾಸ್ತ್ರ ಕಲಿಸುತ್ತಿದ್ದರು. ಕಣಿವೆಯ ಜನ ಅವರಿಗೆ ಫೋನ್ ಮಾಡಿ ಸಹಾಯ ಕೇಳತೊಡಗಿದರು. ಅವರ ಜಮೀನು ಹೋಗಿರಲಿಲ್ಲ, ಮನೆ ಬಿದ್ದಿರಲಿಲ್ಲ. ಆದರೂ ಏನೋ ಕಳೆದುಕೊಂಡವರ ದನಿ. ಅವರಿಗೆ ಮನೆಗೆ ಹೋಗಬೇಕು ಅನ್ನಿಸುತ್ತಿತ್ತು, ಇದ್ದದ್ದು ಮನೆಯಲ್ಲೇ.

ಈ ಸ್ಥಿತಿಗೆ ಇಂಗ್ಲಿಷಿನಲ್ಲಿ ಪದವಿಲ್ಲ ಎಂದು ಆಲ್ಬ್ರೆಕ್ಟ್‌ಗೆ ತೋರಿತು. 2003ರಲ್ಲಿ ಪತ್ನಿಯೊಡನೆ ಮನೆಯಲ್ಲಿ ಮಾತಾಡುತ್ತಾ ಪದವನ್ನು ಕಟ್ಟಿದರು. 2005ರಲ್ಲಿ ಅದನ್ನು ವಿವರಿಸುವ ಪ್ರಬಂಧ ಬಂತು, 2007ರಲ್ಲಿ ಸಹೋದ್ಯೋಗಿಗಳ ಜೊತೆ ಮನೋವೈದ್ಯರ ಪತ್ರಿಕೆಯೊಂದರಲ್ಲಿ ಬರೆದರು. 2015ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಹವಾಮಾನ ಮತ್ತು ಆರೋಗ್ಯ ಆಯೋಗದ ವರದಿಯಲ್ಲಿ ಈ ಪದ ಕಾಣಿಸಿಕೊಂಡಿತು. ಕೆನಡಾದ ಉತ್ತರದಲ್ಲಿ ಹಿಮ ತೆಳುವಾಗುತ್ತಿರುವುದನ್ನು ನೋಡುತ್ತಿರುವ ಇನ್ಯೂಟ್ ಜನರ ಬಗ್ಗೆ ಬರೆಯುವವರಿಗೂ ಈಗ ಈ ಪದ ಬೇಕು.

ಪದದ ಒಡಲನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಅದರ ಚೆಲುವು ಅಲ್ಲಿದೆ. ಕೊನೆಯ ತುಂಡು ನಮಗೆ ಪರಿಚಿತ: ಅಲ್ಜಿಯಾ, ನೋವು. ವೈದ್ಯರು ಸ್ನಾಯುನೋವಿಗೆ ಮಯಾಲ್ಜಿಯಾ, ನರದ ನೋವಿಗೆ ನ್ಯೂರಾಲ್ಜಿಯಾ ಎನ್ನುವಾಗ ಬಳಸುವುದು ಇದನ್ನೇ. ಮೊದಲ ತುಂಡು ‘ಸೊಲಾ’ ಎರಡು ಕಡೆಯಿಂದ ಬಂದದ್ದು. ಒಂದು, ಲ್ಯಾಟಿನಿನ ‘ಸೋಲಾರಿ’, ಅಂದರೆ ಸಂತೈಸುವುದು. ಇಂಗ್ಲಿಷಿನ ಸೋಲೇಸ್ ಇದರ ಮಗಳು. ಇನ್ನೊಂದು, ಲ್ಯಾಟಿನಿನ ‘ಸೋಲುಸ್’, ಅಂದರೆ ಒಂಟಿ. ಇಂಗ್ಲಿಷಿನ ಡೆಸೊಲೇಶನ್, ಪಾಳುಬೀಳುವುದು, ಇದರಿಂದ ಬಂತು. ಮೂಲದಲ್ಲಿ ಇವೆರಡೂ ಬೇರೆ ಬೇರೆ ಪದಗಳು, ದನಿಯಲ್ಲಿ ಮಾತ್ರ ಹತ್ತಿರ. ಆಲ್ಬ್ರೆಕ್ಟ್ ಆ ದನಿಯ ಹತ್ತಿರವನ್ನು ಬಳಸಿಕೊಂಡು ಸಾಂತ್ವನ ಕೊಡುತ್ತಿದ್ದ ಜಾಗವೂ ಪಾಳುಬಿದ್ದ ಜಾಗವೂ ಒಂದೇ ಎಂಬ ಅರ್ಥವನ್ನು ಅದರಲ್ಲಿ ತುಂಬಿದರು. ನಡುವಿನ ಸ್ಟ್ ಎಂಬ ಸದ್ದು ನಾಸ್ಟಾಲ್ಜಿಯಾದಿಂದ ಬಂದದ್ದು, ಕೇಳಿದವರ ಕಿವಿಗೆ ಅಕ್ಕನ ನೆನಪಾಗಲೆಂದು. ಲ್ಯಾಟಿನ್ ತಲೆ, ಗ್ರೀಕ್ ಬಾಲ. ವ್ಯಾಕರಣದ ಮಡಿ ನೋಡುವವರಿಗೆ ಹಿಡಿಸುವುದಿಲ್ಲ. ನನಗೆ ಇದು ಒಳ್ಳೆಯ ಪದ. ಸಂತೈಕೆ ಮತ್ತು ಹಾಳು ಒಂದೇ ಉಸಿರಿನಲ್ಲಿ ಇರುವ ಪದ ಎಲ್ಲ ಭಾಷೆಯಲ್ಲೂ ಸಿಗುವುದಿಲ್ಲ.

ಕನ್ನಡದಲ್ಲಿ ಸಿಗುತ್ತದೆಯೇ? ಈ ಪ್ರಶ್ನೆ ಬಹಳ ದಿನ ಕಾಡಿತು. ನಮ್ಮಲ್ಲಿ ಪಾಳುಬಿದ್ದ ಜಾಗಕ್ಕೆ ಮಾತುಗಳ ಬಡತನವಿಲ್ಲ. ಊರು ಹಾಳು ಸುರಿಯುತ್ತದೆ, ಮನೆ ಬಿಕೋ ಎನ್ನುತ್ತದೆ, ಬೀದಿ ಭಣಗುಟ್ಟುತ್ತದೆ. ಎಂಥ ಮಾತುಗಳು ಇವು! ಹಾಳು ಎಂಬುದು ಮಳೆಯ ಹಾಗೆ ಸುರಿಯುತ್ತದೆ ಎಂದು ಮೊದಲು ಹೇಳಿದವರು ಯಾರೋ. ಇವುಗಳಲ್ಲಿ ಒಂದು ವಿಶೇಷವಿದೆ. ನೋವು ಮನುಷ್ಯನದಾದರೂ ಕನ್ನಡ ಅದನ್ನು ಜಾಗದ ಮೇಲೆ ಹೊರಿಸುತ್ತದೆ. ನಾನು ಬಿಕೋ ಎನ್ನುತ್ತೇನೆ ಎಂದು ಯಾರೂ ಹೇಳುವುದಿಲ್ಲ. ಮನೆ ಬಿಕೋ ಎನ್ನುತ್ತಿದೆ ಎಂದಾಗ ಹೇಳಿದವರ ಎದೆ ನಮಗೆ ಕೇಳಿಸುತ್ತದೆ. ನೆಲ ಮತ್ತು ಮನುಷ್ಯ ಬೇರೆಯಲ್ಲ ಎಂಬ ತಿಳಿವು ಈ ಮಾತಿನಲ್ಲೇ ಇದೆ. ಆಲ್ಬ್ರೆಕ್ಟ್ ಹೊಸ ಪದ ಕಟ್ಟಿ ಸೇರಬೇಕಾದಲ್ಲಿಗೆ ನಮ್ಮ ಅಜ್ಜಿಯರು ಒಂದು ಅನುಕರಣ ಶಬ್ದದಿಂದ ಸೇರಿದ್ದರು.

ಆದರೆ ಈ ಮಾತುಗಳು ಇಂದಿನ ಕೊಡಗಿಗೆ ಪೂರ್ತಿ ಹೊಂದುವುದಿಲ್ಲ. ಬಿಕೋ ಎನ್ನುವುದು ಜನ ಹೋದ ಜಾಗ. ಊರು ಹಾಳು ಸುರಿಯುವುದು ಸಂತೆ ನಿಂತಾಗ, ಮನೆಗೆ ಬೀಗ ಬಿದ್ದಾಗ. ಕೊಡಗಿನ ಎಷ್ಟೋ ಊರುಗಳ ಕಥೆ ಇದರ ತಿರುವುಮುರುವು. ವಾರಾಂತ್ಯಕ್ಕೆ ಮಡಿಕೇರಿಯ ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ. ಮಾಂದಲಪಟ್ಟಿಯ ದಾರಿಯಲ್ಲಿ ಜೀಪುಗಳ ಸಾಲು. ಹತ್ತು ವರ್ಷದ ಹಿಂದೆ ಕತ್ತಲಾದರೆ ಮಿಣುಕುಹುಳ ಮಾತ್ರ ಕಾಣುತ್ತಿದ್ದ ಇಳಿಜಾರಿನಲ್ಲಿ ಈಗ ಹೋಂಸ್ಟೇಗಳ ಬಣ್ಣದ ದೀಪ. ಜಾಗ ತುಂಬಿದೆ, ಗಲಗಲ ಎನ್ನುತ್ತಿದೆ. ಅದರ ನಡುವೆ ಕೂತ ಮುದುಕಿಗೆ ಮಾತ್ರ ಊರು ಸಿಗುತ್ತಿಲ್ಲ. ಇದಕ್ಕೆ ನಮ್ಮ ಹಳೆಯ ಮಾತು ಸಾಲದು.

2018ರಿಂದ ಈಚೆಗೆ ಆದದ್ದನ್ನು ಒಮ್ಮೆ ನೆನೆಯಬೇಕು. ಆ ವರ್ಷ ಆಗಸ್ಟ್ ನಡುವಿನ ಎರಡು ಮೂರು ದಿನಗಳಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ, ಕಾಲೂರು ಸುತ್ತಲಿನ ಬೆಟ್ಟಗಳು ಜರಿದವು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ ಗ್ರಾಮದಲ್ಲಿ ಗುಡ್ಡ ಕುಸಿಯಿತು. ಅದೇ ವಾರ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳನ್ನು ಕಾವೇರಿ ನುಂಗಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜಾರಿ ಅರ್ಚಕರ ಮನೆಯನ್ನು ಹೊತ್ತುಕೊಂಡು ಹೋಯಿತು. ಮೂರು ವರ್ಷ, ಮೂರು ಆಗಸ್ಟ್. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ ಕಡೆ ಭೂಮಿ ಕಂಪಿಸಿತು. 2024ರ ಜುಲೈ 30ರ ಬೆಳಗಿನ ಜಾವ ಗಡಿಯಾಚೆ ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಮಣ್ಣಾದಾಗ ಇಲ್ಲಿನ ಎಷ್ಟು ಮನೆಗಳಲ್ಲಿ ಟಿವಿಯ ಮುಂದೆ ಕೂತವರು ಎದ್ದು ಹೋಗಿ ಹಿತ್ತಲ ಬರೆ ನೋಡಿ ಬಂದಿರಬಹುದು.

ಬರೆ ಎಂಬುದು ಇಲ್ಲಿನ ಮಾತು. ಗುಡ್ಡವನ್ನು ಕಡಿದಾಗ ಗೋಡೆಯ ಹಾಗೆ ನಿಲ್ಲುವ ಮಣ್ಣು. ಕೊಡಗಿನಲ್ಲಿ ಮನೆ ಕಟ್ಟುವುದೆಂದರೆ ಹೆಚ್ಚಿನ ಕಡೆ ಮೊದಲು ಗುಡ್ಡ ಕಡಿದು ತಟ್ಟು ಮಾಡುವುದು. ಹಾಗಾಗಿ ಪ್ರತಿ ಮನೆಯ ಬೆನ್ನಿಗೆ ಒಂದು ಬರೆ. ಹಿಂದೆ ಅದು ಜರೀಗಿಡ, ಪಾಚಿ ಹೊತ್ತುಕೊಂಡು ತಂಪಾಗಿ ಇರುತ್ತಿತ್ತು, ಮಕ್ಕಳು ಅದಕ್ಕೆ ಒರಗಿ ಕೂರುತ್ತಿದ್ದರು. ಈಗ ಮಳೆ ಜೋರಾದರೆ ರಾತ್ರಿ ಟಾರ್ಚ್ ಹಿಡಿದು ಅದರಲ್ಲಿ ಬಿರುಕು ಹುಡುಕುತ್ತಾರೆ. ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿ ನಗರದ ಇಳಿಜಾರಿನ ಮನೆಗಳಿಗೆ ಮಳೆಗಾಲ ಬಂತೆಂದರೆ ಜಾಗ ಖಾಲಿ ಮಾಡಿ ಎಂಬ ನೋಟಿಸು, ಕಾಳಜಿ ಕೇಂದ್ರದ ಸಿದ್ಧತೆ. ಒರಗಿದ್ದ ಬರೆಗೇ ಹೆದರುವುದು ಎಂದರೆ ಸಂತೈಸುತ್ತಿದ್ದ ಜಾಗ ಕೈಬಿಡುವುದು ಎಂದೇ ಅರ್ಥ. ಸೊಲಾಸ್ಟಾಲ್ಜಿಯಾದ ಅರ್ಥವನ್ನು ನಾನು ಯಾರಿಗಾದರೂ ಒಂದು ವಾಕ್ಯದಲ್ಲಿ ಹೇಳಬೇಕಾದರೆ ಬರೆಯ ಉದಾಹರಣೆಯನ್ನೇ ಕೊಡುತ್ತೇನೆ.

ಇನ್ನೂ ದೊಡ್ಡ ಉದಾಹರಣೆ ಕಕ್ಕಡ ಮಾಸದ್ದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮಳೆ ಕಣ್ಣು ಬಿಡಲು ಕೊಡದ ತಿಂಗಳು. ನಾಟಿ ಮುಗಿಯುತ್ತಾ ಬರುವ ಹೊತ್ತು. ಹೊರಗೆ ಕಾಲಿಡುವುದು ಕಷ್ಟ, ಒಳಗೆ ಒಲೆಯ ಮುಂದೆ ಜಾಗಕ್ಕೆ ಪೈಪೋಟಿ. ಕಣಿಲೆ, ಅಣಬೆ, ಏಡಿ, ಕೆಸದ ಪತ್ರೊಡೆ. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆ. ಆ ತಿಂಗಳಿನಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಜೋಗುಳವಾಗಿತ್ತು ಎಂದು ನನ್ನ ವಯಸ್ಸಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಈಗ ಅದೇ ಸದ್ದಿಗೆ ನಿದ್ದೆ ಹಾರುತ್ತದೆ. ಮೂರೂ ವರ್ಷದ ಅನಾಹುತ ನಡೆದದ್ದು ಈ ತಿಂಗಳಿನಲ್ಲಿ ಅಥವಾ ಅದರ ಬೆನ್ನಿಗೆ. ಪಾಯಸ ಈಗಲೂ ಮಾಡುತ್ತಾರೆ. ಮಾಡಿ, ಫೋನಿನಲ್ಲಿ ರೆಡ್ ಅಲರ್ಟ್ ಇದೆಯೇ ಎಂದು ನೋಡುತ್ತಾರೆ.

ಇಲ್ಲಿ ಒಂದು ವ್ಯತ್ಯಾಸವನ್ನು ಬಿಟ್ಟುಬಿಡಬಾರದು. ಮನೆ ಕಳೆದುಕೊಂಡು ಜಂಬೂರು, ಮದೆನಾಡು, ಕರ್ಣಂಗೇರಿಯ ಪುನರ್ವಸತಿ ಬಡಾವಣೆಗಳಿಗೆ ಹೋದವರ ನೋವು ಬೇರೆ. ಅವರು ಸ್ಥಳ ಬಿಟ್ಟವರು, ಹೋಫರನ ಪದ ಅವರಿಗೆ ಹತ್ತಿರ, ಮರಳಲು ಜಾಗವೇ ಇಲ್ಲ ಎಂಬ ಹೆಚ್ಚಿನ ಕ್ರೌರ್ಯದೊಂದಿಗೆ. ಉಳಿದುಕೊಂಡವರದು ಆಲ್ಬ್ರೆಕ್ಟ್ ಹೇಳಿದ ನೋವು. ಸರ್ಕಾರದ ಕಣ್ಣಿಗೆ ಮೊದಲನೆಯವರು ಸಂತ್ರಸ್ತರು, ಎರಡನೆಯವರು ಯಾರೂ ಅಲ್ಲ. ಪರಿಹಾರದ ಅರ್ಜಿಯಲ್ಲಿ ಸತ್ತವರಿಗೆ ಜಾಗವಿದೆ, ಬಿದ್ದ ಮನೆಗೆ, ಹೋದ ದನಕರುಗಳಿಗೆ, ಎಕರೆ ಲೆಕ್ಕದಲ್ಲಿ ಬೆಳೆಗೆ ಜಾಗವಿದೆ. ಎದುರಿನ ಗುಡ್ಡ ಹೋಯಿತು ಎಂದು ಬರೆಯಲು ಕಾಲಂ ಇಲ್ಲ. ಆ ಗುಡ್ಡ ದೊಡ್ಡಮ್ಮನದಲ್ಲವಲ್ಲ. ಆರ್‌ಟಿಸಿಯಲ್ಲಿ ಅವರ ಹೆಸರಿಲ್ಲ. ಆದರೆ ಮದುವೆಯಾಗಿ ಆ ಮನೆಗೆ ಬಂದ ದಿನದಿಂದ ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಕಂಡದ್ದು ಅದೇ.

ಈ ಕೊರತೆ ಕೊಡಗಿನದು ಮಾತ್ರವಲ್ಲ. ಹವಾಮಾನ ಮಾತುಕತೆಗಳಲ್ಲಿ ‘ಆರ್ಥಿಕವಲ್ಲದ ನಷ್ಟ’ ಎಂಬ ವರ್ಗವನ್ನು ದೇಶಗಳು ಒಪ್ಪಿಕೊಂಡಿವೆ; 2013ರಲ್ಲಿ ವಾರ್ಸಾದಲ್ಲಿ ರೂಪಿಸಿದ ನಷ್ಟ ಮತ್ತು ಹಾನಿಯ ವ್ಯವಸ್ಥೆಯ ಕೆಲಸಗಳಲ್ಲಿ ಅದೂ ಒಂದು. ಸಂಸ್ಕೃತಿ, ಜಾಗದ ಜೊತೆಗಿನ ನಂಟು, ಮನಸ್ಸಿನ ನೆಮ್ಮದಿ, ಎಲ್ಲ ಅದರಲ್ಲಿ ಬರುತ್ತವೆ. ಕಾಗದದ ಮೇಲೆ ಬರುತ್ತವೆ, ತಾಲ್ಲೂಕು ಕಚೇರಿಗೆ ಇಳಿದಿಲ್ಲ. ಪದ ಕೋರ್ಟಿನವರೆಗೆ ಹೋದ ಒಂದು ಪ್ರಸಂಗ ಹಂಟರ್ ಕಣಿವೆಯದೇ. ಬಲ್ಗಾ ಎಂಬ ಪುಟ್ಟ ಊರಿನವರು ಪಕ್ಕದ ಗಣಿಯ ವಿಸ್ತರಣೆ ವಿರುದ್ಧ ದಾವೆ ಹೂಡಿದಾಗ ಆಲ್ಬ್ರೆಕ್ಟ್ ಅವರ ಪರವಾಗಿ ಸಾಕ್ಷ್ಯ ನುಡಿದರು. 2013ರಲ್ಲಿ ಆ ರಾಜ್ಯದ ಭೂಮಿ ಮತ್ತು ಪರಿಸರ ನ್ಯಾಯಾಲಯ ವಿಸ್ತರಣೆಯನ್ನು ತಿರಸ್ಕರಿಸಿತು. ಊರಿನವರು ತಮ್ಮ ಜಾಗದೊಂದಿಗಿನ ನಂಟನ್ನು ಕಳೆದುಕೊಳ್ಳುವುದನ್ನೂ ತೂಗಿ ನೋಡಿತು. ಎರಡು ವರ್ಷದ ಬಳಿಕ ಹೊಸ ಅರ್ಜಿಯ ಮೂಲಕ ಗಣಿಗೆ ಅನುಮತಿ ಸಿಕ್ಕಿತು. ಆದರೂ ನ್ಯಾಯಾಧೀಶರೊಬ್ಬರು ಇದು ಲೆಕ್ಕಕ್ಕೆ ಬರುವ ನಷ್ಟ ಎಂದು ಬರೆದದ್ದು ಅಳಿಸುವುದಿಲ್ಲ.

ಇಷ್ಟು ಹೇಳಿದ ಮೇಲೆ, ಈ ಪದ ನಮಗೆ ಎಲ್ಲಿ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ನನ್ನ ಮಟ್ಟಿಗೆ ಇದೇ ಹೆಚ್ಚು ಮುಖ್ಯ. ಹಂಟರ್ ಕಣಿವೆಯಲ್ಲಿ ನೆಲ ಕೆಡಿಸಿದವರು ಮತ್ತು ನೊಂದವರು ಬೇರೆ ಬೇರೆ. ಅಲ್ಲಿ ಗಣಿ ಕಂಪನಿ, ಇಲ್ಲಿ ಊರಿನವರು, ನಡುವೆ ಬೇಲಿ. ಕೊಡಗಿನಲ್ಲಿ ಆ ಬೇಲಿ ಎಲ್ಲಿ? 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಅತಿಯಾದ ಮಳೆಯ ಜೊತೆಗೆ ರಸ್ತೆಗೆ, ಕಟ್ಟಡಕ್ಕೆ ಎಂದು ಇಳಿಜಾರುಗಳನ್ನು ಕಡಿದದ್ದನ್ನೂ ಎತ್ತಿ ತೋರಿಸಿದರು. ಆ ಇಳಿಜಾರು ಮಾರಿದವರು, ಕಡಿಸಿದವರು, ಅದರ ಮೇಲೆ ಹೋಂಸ್ಟೇ ಕಟ್ಟಿದವರು ಎಲ್ಲರೂ ಹೊರಗಿನವರಲ್ಲ. ಗದ್ದೆಯ ಕಥೆಯೂ ಹಾಗೆಯೇ. ಆನೆಯ ಕಾಟ, ಆಳುಗಳ ಕೊರತೆ, ಖರ್ಚಿಗೂ ಬಾರದ ಬೆಲೆ, ಎಲ್ಲ ನಿಜ. ಬೀಳುಬಿಟ್ಟ ಗದ್ದೆಗೆ ಮಣ್ಣು ತುಂಬಿಸಿದ್ದೂ ನಿಜ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಹುತ್ತರಿಯ ಮುಹೂರ್ತ ಗೊತ್ತಾದ ಮೇಲೆ, ಸ್ವಂತ ಗದ್ದೆ ಇಲ್ಲದ ಮನೆಯವರು ಬೇರೆಯವರ ಗದ್ದೆಯಿಂದ ಕದಿರು ತರುತ್ತಾರೆ. ‘ಪೊಲಿ ಪೊಲಿ ದೇವಾ’ ಎಂಬ ಕೂಗು ಕೇಳುವಾಗ ಗಂಟಲು ಕಟ್ಟುವುದು ನನಗೊಬ್ಬರಿಗೇ ಅಲ್ಲ.

ಸಿಲ್ವರ್ ಓಕ್ ಮರವನ್ನೇ ನೋಡಿ. ನಮ್ಮ ಕಾಫಿ ತೋಟಗಳ ಹೆಮ್ಮೆ ಎಂದರೆ ನೆರಳು: ಹಲಸು, ಅತ್ತಿ, ನಂದಿ, ಬೀಟೆ, ಬಗೆಬಗೆಯ ಕಾಡುಮರಗಳ ಕೆಳಗೆ ಬೆಳೆಯುವ ಕಾಫಿ. ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಈ ಪುಟ್ಟ ಜಿಲ್ಲೆಯದು. ಆ ಕಾಡುಮರಗಳ ಜಾಗಕ್ಕೆ ವರ್ಷದಿಂದ ವರ್ಷಕ್ಕೆ ಸಿಲ್ವರ್ ಓಕ್ ಬರುತ್ತಿದೆ. ಬೇಗ ಬೆಳೆಯುತ್ತದೆ, ನೆಟ್ಟಗೆ ನಿಲ್ಲುತ್ತದೆ, ಕರಿಮೆಣಸಿನ ಬಳ್ಳಿ ಹಬ್ಬಿಸಬಹುದು. ಕಡಿಯುವಾಗ ಕಾಡುಮರಕ್ಕೆ ಬೇಕಾದಷ್ಟು ಅನುಮತಿಯ ತೊಡಕೂ ಇಲ್ಲ. ಬೆಳೆಗಾರರ ಲೆಕ್ಕವನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಮನೆಯ ತೋಟದಲ್ಲೂ ಅದೇ ಇದೆ. ಅದರ ತವರು ಆಸ್ಟ್ರೇಲಿಯಾದ ಪೂರ್ವ ಕರಾವಳಿ. ಮರ ಬಂದ ದಿಕ್ಕಿನಿಂದಲೇ ಸೊಲಾಸ್ಟಾಲ್ಜಿಯಾ ಎಂಬ ಪದವೂ ಬಂತು. ಅತ್ತಿ ಹಣ್ಣಾದಾಗ ಬರುತ್ತಿದ್ದ ಹಕ್ಕಿಗಳ ಗಲಾಟೆ ಈಗಿಲ್ಲ ಎಂದು ಕೊರಗುವವರ ಕೈಯಿಂದಲೇ ಅತ್ತಿಯ ಜಾಗದಲ್ಲಿ ಓಕ್ ನೆಟ್ಟದ್ದು. ಹಂಟರ್ ಕಣಿವೆಯವರ ನೋವಿನಲ್ಲಿ ಸಿಟ್ಟು ಇತ್ತು. ನಮ್ಮದರಲ್ಲಿ ಸಿಟ್ಟಿನ ಜೊತೆ ತಪ್ಪಿತಸ್ಥ ಭಾವವೂ ಇದೆ, ಅದಕ್ಕೇ ನಾವು ಈ ಬಗ್ಗೆ ಮಾತಾಡುವುದು ಕಡಿಮೆ. ಪಶ್ಚಿಮ ಘಟ್ಟಗಳ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ಹೆಸರು ಬಂದರೆ ಸಭೆಗಳಲ್ಲಿ ದನಿ ಏರುತ್ತದೆ. ಮನೆಗೆ ಬಂದು ಹಿತ್ತಲ ಬರೆ ನೋಡುವಾಗ ಅದೇ ಜನ ಮೌನವಾಗುತ್ತಾರೆ. ಎರಡೂ ಪ್ರಾಮಾಣಿಕವೇ.

ಇನ್ನೊಂದು ಮಾತು. ಹಂಟರ್ ಕಣಿವೆ ಕುದುರೆ ಸಾಕುವವರದ್ದಾಗುವ ಮೊದಲು ವನರುವಾ ಎಂಬ ಮೂಲನಿವಾಸಿಗಳದಾಗಿತ್ತು. ಗಣಿಯವರು ರೈತರಿಂದ ಕಸಿದದ್ದನ್ನು ಅದಕ್ಕೂ ಮೊದಲು ಬೇರೆಯವರು ಈ ವನರುವಾ ಜನರಿಂದ ಕಸಿದಿದ್ದರು. ಕೊಡಗಿನಲ್ಲಿ ಊರಿನ ನೋವು ಎಂದಾಗ ಯಾರ ಊರು ಎಂದು ಕೇಳಬೇಕಾಗುತ್ತದೆ. ನಾಗರಹೊಳೆಯ ಕಾಡಿನೊಳಗಿನ ಹಾಡಿಗಳಿಂದ ಹೊರಗೆ ಕಳಿಸಿದ ಜೇನುಕುರುಬರು, ಯರವರು ತೋಟಗಳ ಲೈನ್ ಮನೆಗಳಲ್ಲಿ, ಹುಣಸೂರು ಕಡೆಯ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಬದುಕಿದ್ದಾರೆ. ಅವರ ದೇವರುಗಳು, ಹಿರಿಯರ ಸಮಾಧಿಗಳು ಕಾಡಿನೊಳಗೇ ಉಳಿದವು. 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಮುಂದಿಟ್ಟು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಹೋಗಿ ಗುಡಿಸಲು ಕಟ್ಟಿದರು. ಹೋಫರ್ ಎತ್ತಿಕೊಂಡ ನೋಸ್ಟೋಸ್ ಎಂಬ ಪದಕ್ಕೆ ಇದಕ್ಕಿಂತ ನೇರವಾದ ಅರ್ಥ ನನಗೆ ತೋಚುವುದಿಲ್ಲ. ಜರಿದ ಬೆಟ್ಟ ನೋಡುತ್ತಾ ಜಗುಲಿಯಲ್ಲಿ ಕೂತವರ ನೋವಿಗೆ ಹೆಸರು ಹುಡುಕುವ ನಾವು, ಆ ಜಗುಲಿಯೂ ಇಲ್ಲದವರ ನೋವಿಗೆ ಹೆಸರು ಬಹಳ ಹಿಂದೆಯೇ ಇತ್ತು ಎಂಬುದನ್ನು ಮರೆಯುವಂತಿಲ್ಲ.

ಪದಕ್ಕೆ ಒಂದು ಅಪಾಯವೂ ಕಾದಿದೆ. ಅಕ್ಕನಿಗೆ ಆದದ್ದು ತಂಗಿಗೂ ಆಗಬಹುದು. ನಾಸ್ಟಾಲ್ಜಿಯಾ ಮೊದಲು ರೋಗವಾಯಿತು. ಅಮೆರಿಕದ ಅಂತರ್ಯುದ್ಧದ ವೈದ್ಯರು ಅದರಿಂದ ಸತ್ತ ಸೈನಿಕರ ಲೆಕ್ಕವನ್ನೂ ಇಟ್ಟಿದ್ದರು. ಆಮೇಲೆ ಅದು ಮೆತ್ತಗಾಗಿ, ಸಿಹಿಯಾಗಿ, ಕೊನೆಗೆ ಮಾರಾಟದ ಸರಕಾಯಿತು. ಸೊಲಾಸ್ಟಾಲ್ಜಿಯಾವನ್ನು ಆಲ್ಬ್ರೆಕ್ಟ್ ರೋಗ ಎನ್ನಲಿಲ್ಲ. ಕೆಟ್ಟ ಸ್ಥಿತಿಯಲ್ಲಿ ಸ್ವಸ್ಥ ಮನಸ್ಸಿಗೆ ಆಗುವ ನೋವು ಅದು, ಮಾತ್ರೆಯಿಂದ ಹೋಗುವಂಥದಲ್ಲ, ಜಾಗ ಸುಧಾರಿಸಿದರೆ ಕಡಿಮೆಯಾಗುತ್ತದೆ ಎಂಬುದು ಅ‌ವರ ನಿಲುವು. ಈ ಬೇರ್ಪಡಿಕೆ ಕೊಡಗಿಗೆ ತುಂಬಾ ಬೇಕು. ಮಳೆಗೆ ಹೆದರುವ ಮುದುಕಿಗೆ ಕೌನ್ಸೆಲಿಂಗ್ ಕೊಟ್ಟು ಮನೆಗೆ ಕಳಿಸಿ, ಅವರ ಮನೆಯ ಮೇಲಿನ ಇಳಿಜಾರಿನಲ್ಲಿ ಜೆಸಿಬಿಗೆ ಅನುಮತಿ ಕೊಟ್ಟರೆ ಕಾಯಿಲೆ ಇರುವುದು ಯಾರಿಗೆ?

ಕನ್ನಡದಲ್ಲಿ ಇದಕ್ಕೆ ಏನನ್ನಬಹುದು ಎಂದು ಯೋಚಿಸಿ ನಾನು ‘ನೆಲೆಬೇನೆ’ ಎಂದು ಬರೆದುಕೊಂಡಿದ್ದೇನೆ. ನೆಲೆ ಎಂದರೆ ಇರುವ ಜಾಗ, ಆಸರೆಯೂ ಹೌದು. ನೆಲೆ ತಪ್ಪಿದವರು ಎಂದರೆ ಮನೆ ಇದ್ದೂ ತಪ್ಪಿದವರೂ ಆಗಬಹುದು. ಬೇನೆ ತಲೆಬೇನೆ, ಹೊಟ್ಟೆಬೇನೆಯ ಬೇನೆ, ಅಲ್ಜಿಯಾದಷ್ಟೇ ಹಳೆಯ ನೋವು. ಪದ ನಿಲ್ಲುತ್ತದೋ ಇಲ್ಲವೋ ಆಡುವವರಿಗೆ ಬಿಟ್ಟದ್ದು. ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ, ಯರವರ ನುಡಿಯಲ್ಲಿ ಇದಕ್ಕಿಂತ ಒಳ್ಳೆಯದು ಇರಬಹುದು. ಆ ನುಡಿಗಳ ಹಿರಿಯರನ್ನು ಕೂರಿಸಿಕೊಂಡು ಕೇಳಬೇಕಾದ ಕೆಲಸ ಅದು, ಅವರು ಇರುವಾಗಲೇ.

ದೊಡ್ಡಮ್ಮನಿಗೆ ಎರಡೂ ಪದ ಹೇಳಿದೆ, ಇಂಗ್ಲಿಷಿನದೂ ನನ್ನದೂ. ಇಂಗ್ಲಿಷಿನದನ್ನು ಎರಡು ಸಲ ಹೇಳಿಸಿಕೊಂಡರು. ‘ಅಲ್ಲಿಯವರಿಗೂ ಹೀಗೇ ಆಗ್ತದಾ?’ ಎಂದು ಕೇಳಿದರು. ಹೌದೆಂದೆ. ಸುಮ್ಮನೆ ಕೂತರು, ಆಮೇಲೆ ಕಾಫಿ ಮಾಡಲು ಒಳಗೆ ಹೋದರು. ನಾನು ಗೋಡೆಯ ಮಳೆಪುಸ್ತಕ ಇಳಿಸಿ ತಿರುವಿದೆ. ದೊಡ್ಡಪ್ಪನ ಕಾಲದ ಪುಟಗಳಲ್ಲಿ ತಾರೀಕು, ಇಂಚು, ಸೆಂಟು, ಅಷ್ಟೇ. ಕಾಫಿ ಹೂ ಅರಳಿಸುವ ಹೂಮಳೆ ಬಂದ ದಿನ ಕೆಂಪು ಶಾಯಿಯ ಒಂದು ಗೆರೆ. ದೊಡ್ಡಮ್ಮನ ಪುಟಗಳಲ್ಲಿ 2018ರ ಆಗಸ್ಟ್ 16ರಿಂದ ನಾಲ್ಕು ದಿನ ಖಾಲಿ. ಅದರ ಮುಂದಿನ ವರ್ಷದಿಂದ ಪ್ರತಿ ಮಳೆಗಾಲದ ಪುಟದಲ್ಲೂ ಸೆಂಟಿನ ಅಂಕಿಯ ಆಚೆಗೆ, ಗೆರೆ ಎಳೆಯದ ಅಂಚಿನಲ್ಲಿ, ಪೆನ್ಸಿಲಿನಲ್ಲಿ ಸಣ್ಣಗೆ ಬರೆದ ಮಾತುಗಳಿದ್ದವು. ‘ಮಲಗಲಿಲ್ಲ.’ ‘ಎರಡು ಗಂಟೆಗೆ ಎದ್ದು ಬರೆ ನೋಡಿದೆ.’ ‘ಎದುರು ಮಂಜು, ಗುಡ್ಡ ಕಾಣಲಿಲ್ಲ, ಒಳ್ಳೆಯದಾಯ್ತು.’